ಲಂಚದ ಮೊಕದ್ದಮೆಗಳ ದಾಖಲೆಯೂ ನ್ಯಾಯಾಲಯದ ಪರಿಶೀಲನೆಯೂ

ಸರ್ಕಾರಿ ನೌಕರನೊಬ್ಬನ ಮೇಲೆ ಲಂಚದ ಮೊಕದ್ದಮೆ ದಾಖಲಾದೊಡನೆ, ದಾಖಲಿಸಿದ ಕ್ರಮವೇ ಸಿಂಧುವಲ್ಲವೆಂದು ಆತನು ಉಚ್ಚ ನ್ಯಾಯಾಲಯದ ಮೊರೆಹೋಗುವುದು ನಮ್ಮ ದೇಶದಲ್ಲಿ ಪರಿಚಿತವಾದ ಸಂಗತಿ. ಇಂಥ ಅರ್ಜಿಗಳೆಲ್ಲವನ್ನೂ ತಪ್ಪಿಸಿಕೊಳ್ಳುವ ಉಪಾಯವೆಂದು ಬಗೆಯುವುದು ಉಚಿತವಲ್ಲ. ನಿರಾಧಾರವಾದ ದೂರು ಪ್ರಾಮಾಣಿಕನ ಮಾನವನ್ನು ಕಳೆಯಬಲ್ಲುದು. ಕ್ರಮಲೋಪವು ಅಪರಾಧಿಯನ್ನು ಉಳಿಸಲೂಬಲ್ಲುದು. ಈ ಎರಡು ಅನ್ಯಾಯಗಳ ನಡುವೆ ನ್ಯಾಯಾಲಯಗಳು ಹಾದಿ ಮಾಡಿಕೊಂಡ ಬಗೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

1947ರ ಭ್ರಷ್ಟಾಚಾರ ನಿರೋಧ ಕಾಯಿದೆಯು, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಡೆಪ್ಯುಟಿ ಸೂಪರಿಂಟೆಂಡೆಂಟರಿಗಿಂತ ಕೆಳದರ್ಜೆಯ ಪೊಲೀಸ್ ಅಧಿಕಾರಿಯು ತನಿಖೆ ನಡೆಸಕೂಡದೆಂದು ವಿಧಿಸಿತ್ತು. ಈ ನಿಯಮ ಕಡ್ಡಾಯವೆಂದು ಸುಪ್ರೀಂ ಕೋರ್ಟು 1954ರಲ್ಲಿ ರಿಷಬೂದ್ ಮೊಕದ್ದಮೆಯಲ್ಲಿ ಹೇಳಿತು. ಆದರೆ, ತನಿಖೆಯ ದೋಷದಿಂದ ನ್ಯಾಯಕ್ಕೆ ಭಂಗ ಬಂದಿತೆಂದು ತೋರಿಸಿದ ಹೊರತು ವಿಚಾರಣೆಯು ಅಸಿಂಧುವಾಗದೆಂದೂ, ಆಕ್ಷೇಪಣೆಯು ಆರಂಭದಲ್ಲಿಯೇ ಬಂದಲ್ಲಿ ಮರುತನಿಖೆಯಿಂದ ದೋಷವನ್ನು ಸರಿಪಡಿಸಬಹುದೆಂದೂ ಅದು ತೀರ್ಮಾನಿಸಿತು.

1970ರಲ್ಲಿ, ಮದರಾಸಿನ ಹೆದ್ದಾರಿ ಇಲಾಖೆಯ ಮುಖ್ಯ ಎಂಜಿನಿಯರ್ ಸಿರಾಜುದ್ದೀನರ ಮೊಕದ್ದಮೆಯಲ್ಲಿ, ಪ್ರಥಮ ವರ್ತಮಾನ ವರದಿಗೆ ಮುನ್ನ ಹೊಣೆಗಾರ ಅಧಿಕಾರಿಯಿಂದ ಪ್ರಾಥಮಿಕ ವಿಚಾರಣೆ ನಡೆಯಬೇಕೆಂಬ ಮಾತು ಹೊರಟಿತು. ಅಂಥ ವಿಚಾರಣೆ ನಡೆಯದಿದ್ದರೆ ದಾಖಲೆಯೇ ಅಸಿಂಧುವೆಂಬ ವಾದಕ್ಕೆ ಮುಂದೆ ಇದೇ ಆಧಾರವಾಯಿತು.

1990ರ ಭಜನಲಾಲರ ಮೊಕದ್ದಮೆಯು ಇನ್ನೊಂದು ಘಟ್ಟ. ಯಾವ ಸಂದರ್ಭಗಳಲ್ಲಿ ವರದಿಯನ್ನು ರದ್ದುಮಾಡಬಹುದೆಂಬುದಕ್ಕೆ ಸುಪ್ರೀಂ ಕೋರ್ಟು ಏಳು ಬಗೆಯ ನಿದರ್ಶನಗಳನ್ನು ಕೊಟ್ಟು, ಈ ಅಧಿಕಾರವನ್ನು ಅತಿ ವಿರಳವಾಗಿ ಬಳಸಬೇಕೆಂದಿತು. ಹರಿಯಾಣದ ಮಾಜಿ ಮುಖ್ಯಮಂತ್ರಿಯ ಮೇಲಿನ ವರದಿಯನ್ನು ಅದು ಉಳಿಸಿತು. ಆದರೆ ತನಿಖೆಗೆ ತೊಡಗಿದ ಅಧಿಕಾರಿಗೆ ಸಿಂಧುವಾದ ಅಧಿಕಾರವಿರಲಿಲ್ಲವೆಂದು ತನಿಖೆಯನ್ನು ಮಾತ್ರ ರದ್ದುಮಾಡಿತು. ದಾಖಲೆ ಬೇರೆ, ತನಿಖೆ ಬೇರೆ ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

2013ರ ಲಲಿತಾಕುಮಾರಿ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠವು, ಸಂಜ್ಞೇಯ ಅಪರಾಧದ ವರ್ತಮಾನ ಬಂದೊಡನೆ ದಾಖಲೆ ಕಡ್ಡಾಯವೆಂದು ಸಾರಿ, ಲಂಚದ ಪ್ರಕರಣಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶವಿತ್ತಿತು. ಈ ಅವಕಾಶವು ಆಪಾದಿತನ ಹಕ್ಕೇ? ಆದಾಯಕ್ಕೆ ಮೀರಿದ ಆಸ್ತಿಯ ಬಗೆಗೆ ಲೋಕಾಯುಕ್ತ ಪೊಲೀಸರು ದಾಖಲಿಸಿದ ವರದಿಯೊಂದನ್ನು, ಪ್ರಾಥಮಿಕ ವಿಚಾರಣೆ ನಡೆದಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2024ರಲ್ಲಿ ರದ್ದುಮಾಡಿತ್ತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕೈಗೆ ಬಂದ ವಿವರವಾದ ಮಾಹಿತಿಯಲ್ಲಿಯೇ ಅಪರಾಧವು ತೋರಿಬಂದರೆ ಪ್ರಾಥಮಿಕ ವಿಚಾರಣೆಯು ಅನಿವಾರ್ಯವಲ್ಲವೆಂಬುದು ಅದರ ಅಭಿಪ್ರಾಯ.

ಇದರ ನಡುವೆ 1988ರ ಕಾಯಿದೆಗೆ 2018ರಲ್ಲಿ 17ಎ ವಿಧಿಯು ಸೇರಿತು. ಅಧಿಕಾರಸ್ಥನ ಶಿಫಾರಸು ಅಥವಾ ನಿರ್ಣಯಕ್ಕೆ ಸಂಬಂಧಿಸಿದ ಆಪಾದನೆಯನ್ನು ಪೊಲೀಸರು ವಿಚಾರಿಸಬೇಕಾದರೆ ಪೂರ್ವಾನುಮತಿ ಬೇಕೆಂದು ಇದು ವಿಧಿಸಿತು. ಲಂಚ ಪಡೆಯುವಾಗ ಸ್ಥಳದಲ್ಲಿಯೇ ಬಂಧಿಸುವ ಸಂದರ್ಭಕ್ಕೆ ಇದು ಅನ್ವಯಿಸದು.

ಆದುದರಿಂದ ಇಂಥ ತೀರ್ಪುಗಳನ್ನು ಓದುವ ವಿದ್ಯಾರ್ಥಿಯು, ಬಿದ್ದುಹೋದುದು ದಾಖಲೆಯೋ, ತನಿಖೆಯೋ, ಆರೋಪವೋ ಎಂಬುದನ್ನು ಮೊದಲು ವಿವೇಚಿಸಬೇಕು. ಕ್ರಮಲೋಪಕ್ಕಾಗಿ ವರದಿ ರದ್ದಾದ ಮಾತ್ರಕ್ಕೆ ನಿರ್ದೋಷಿತ್ವ ಸಿದ್ಧಿಸದು. ವರದಿ ಉಳಿದ ಮಾತ್ರಕ್ಕೆ ಅಪರಾಧವೂ ಸಿದ್ಧಿಸದು.