ಮಟಮಟ ಮಧ್ಯಾಹ್ನದ ಕರೆಂಟು, ಮುಸ್ಸಂಜೆಯ ಹೊರೆ

ಪಾವಗಡ ಎಂದರೆ ಬರ ಎನ್ನುತ್ತಿದ್ದ ಕಾಲವಿತ್ತು. ಮಳೆ ಕೈಕೊಟ್ಟು ಹೊಲ ಬೀಳುಬಿದ್ದಾಗ ಜನ ಕೂಲಿಗಾಗಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಅಲ್ಲಿನ ತಿರುಮಣಿ ಮತ್ತು ಸುತ್ತಲ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ ಬಿಸಿಲೇ ಬೆಳೆ. ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. 2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕು 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯ ಮುಟ್ಟಿತು. ಇದು 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದ ಹೆಚ್ಚುಕಡಿಮೆ ಎರಡರಷ್ಟು.

ಆದರೆ ಶರಾವತಿಯ ನೀರನ್ನು ಬೇಕೆಂದಾಗ ಬಿಡಬಹುದು, ಬೇಡವೆಂದಾಗ ತಡೆಯಬಹುದು. ಬಿಸಿಲನ್ನು ಹಾಗೆ ಕಟ್ಟಿಡಲು ಬರುವುದಿಲ್ಲ. ಗ್ರಿಡ್ಡಿನ, ಅಂದರೆ ವಿದ್ಯುತ್ ಜಾಲದ, ಹೊಸ ಸವಾಲು ಹುಟ್ಟುವುದು ಇಲ್ಲಿಂದಲೇ.

ತಂತಿಯೊಳಗೆ ಕರೆಂಟನ್ನು ಕೂಡಿಡಲಾಗದು. ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸರಿತೂಗಬೇಕು. ಈ ತಕ್ಕಡಿಯ ಮುಳ್ಳೇ ಆವರ್ತನ. ನಮ್ಮಲ್ಲಿ ಅದು 50 ಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲಬೇಕು. ಬಳಕೆ ಹೆಚ್ಚಿದರೆ ಮುಳ್ಳು ಇಳಿಯುತ್ತದೆ, ಉತ್ಪಾದನೆ ಹೆಚ್ಚಿದರೆ ಏರುತ್ತದೆ. ಕುಂಬಾರ ಕೈತೆಗೆದ ಮೇಲೂ ತಿಗರಿ ಸ್ವಲ್ಪ ಹೊತ್ತು ತಿರುಗುವಂತೆ, ಜಲ ಮತ್ತು ಉಷ್ಣ ಸ್ಥಾವರಗಳ ಭಾರದ ಯಂತ್ರಗಳು ತಾವು ತಿರುಗುವ ಬಲದಿಂದಲೇ ಸಣ್ಣಪುಟ್ಟ ಏರುಪೇರನ್ನು ತಡೆದುಕೊಳ್ಳುತ್ತವೆ. ಸೌರಫಲಕದಲ್ಲಿ ತಿರುಗುವ ಭಾಗವೇ ಇಲ್ಲ. ಹಾಗಾಗಿ ಸೌರ ವಿದ್ಯುತ್ತಿನ ಪಾಲು ಹೆಚ್ಚಿದಷ್ಟೂ ಮುಳ್ಳು ಚಂಚಲವಾಗುತ್ತದೆ.

ಇನ್ನೊಂದು ತೊಡಕು ಮುಸ್ಸಂಜೆಯದು. ಹೊತ್ತು ಮುಳುಗಿ ಸೌರ ವಿದ್ಯುತ್ ನಿಲ್ಲುವ ವೇಳೆಗೇ ಮನೆಮನೆಯಲ್ಲಿ ದೀಪ, ಫ್ಯಾನು, ಟೀವಿ ಚಾಲೂ ಆಗುತ್ತವೆ. ಉಳಿದ ಸ್ಥಾವರಗಳು ಹೊರಬೇಕಾದ ಹೊರೆ ಮಧ್ಯಾಹ್ನ ತಗ್ಗಿ, ಸಂಜೆ ಥಟ್ಟನೆ ಏರುತ್ತದೆ. ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲಿ ಇದರ ನಕ್ಷೆ ಬರೆದಾಗ ಅದು ಬಾತುಕೋಳಿಯ ಆಕಾರದಲ್ಲಿತ್ತು. ಆ ನಕ್ಷೆಗೆ ಬಾತುಕೋಳಿಯ ಹೆಸರೇ ಉಳಿಯಿತು. ಆರಿದ ಕಲ್ಲಿದ್ದಲು ಬಾಯ್ಲರನ್ನು ಮತ್ತೆ ಕಾಯಿಸಲು ಗಂಟೆಗಟ್ಟಲೆ ಬೇಕು. ಜಲವಿದ್ಯುತ್ ಯಂತ್ರಕ್ಕೆ ಕೆಲವೇ ನಿಮಿಷ ಸಾಕು. ಹಳೆಯ ಅಣೆಕಟ್ಟುಗಳ ಬೆಲೆ ಈಗ ಹೆಚ್ಚಿರುವುದು ಇದಕ್ಕೇ.

ಪರಿಹಾರ ಒಂದಲ್ಲ, ಹಲವು. ಮೊದಲನೆಯದು ದೂರದವರೊಡನೆ ಹಂಚಿಕೊಳ್ಳುವುದು: 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಬೆಸೆದುಕೊಂಡಿತು. ಎರಡನೆಯದು ಕೂಡಿಡುವುದು: ಬ್ಯಾಟರಿಯಲ್ಲಿ, ಇಲ್ಲವೇ ಮಧ್ಯಾಹ್ನ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಸಂಜೆ ಕೆಳಗೆ ಹರಿಸುವ ಪಂಪ್ಡ್ ಸ್ಟೋರೇಜಿನಲ್ಲಿ. ಆದರೆ ಇಂಥ ಪಂಪ್ಡ್ ಸ್ಟೋರೇಜಿಗಾಗಿ, ಶುದ್ಧ ವಿದ್ಯುತ್ತಿನ ಹೆಸರಿನಲ್ಲಿ ಪಶ್ಚಿಮ ಘಟ್ಟದ ಕಾಡು ಕಡಿಯುವುದು ಒಪ್ಪತಕ್ಕದ್ದಲ್ಲ.

ಮೂರನೆಯದು ಎಲ್ಲಕ್ಕಿಂತ ಅಗ್ಗ: ಬಿಸಿಲಿರುವಾಗಲೇ ಬಳಸುವುದು. ತ್ರೀಫೇಸ್ ಕರೆಂಟಿಗಾಗಿ ನಡುರಾತ್ರಿ ಟಾರ್ಚು ಹಿಡಿದು, ಹಾವು ಹುಳಕ್ಕೆ ಅಂಜುತ್ತ ತೋಟಕ್ಕೆ ಹೋದ ರೈತರನ್ನು ಕೇಳಿ. ಹಗಲು ಪಂಪ್‌ಸೆಟ್ ಓಡಿದರೆ ಅವರಿಗೆ ನಿದ್ದೆ, ಗ್ರಿಡ್ಡಿಗೆ ನೆಮ್ಮದಿ. ಪಟ್ಟಣದವರೂ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವುದನ್ನು, ಬಟ್ಟೆ ಒಗೆಯುವುದನ್ನು, ಸ್ಕೂಟರ್ ಚಾರ್ಜ್ ಮಾಡುವುದನ್ನು ಆದಷ್ಟು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ಎಷ್ಟು ಯೂನಿಟ್ ಸುಟ್ಟೆವು ಎಂದು ಲೆಕ್ಕ ಹಾಕುವ ನಾವು, ಯಾವ ಹೊತ್ತಿನಲ್ಲಿ ಸುಟ್ಟೆವು ಎಂಬುದನ್ನೂ ಇನ್ನು ಮುಂದೆ ಲೆಕ್ಕ ಹಾಕೋಣ.