ಆಲಿವ್ ಕಾಯಿ ನೊಣವನ್ನು ತಡೆಯುವ ಬಗೆ

ಮೆಡಿಟರೇನಿಯನ್ ಸೀಮೆಯ ಆಲಿವ್ ಬೆಳೆಗಾರರ ನಿದ್ದೆ ಕೆಡಿಸುವುದು ಸುಮಾರು 5 ಮಿಲಿಮೀಟರ್ ಉದ್ದದ ಒಂದು ನೊಣ. ಇದರ ಹೆಸರು ಬ್ಯಾಕ್ಟ್ರೊಸೆರಾ ಓಲಿಯೆ. ನಮ್ಮ ಮಾವಿನ ಹಣ್ಣಿಗೆ ಹುಳು ಬೀಳಿಸುವ ನೊಣವೂ ಇದೇ ಕುಲದ್ದು. ಹೆಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಸಾಮಾನ್ಯವಾಗಿ ಕಾಯಿಗೊಂದರಂತೆ ಮೊಟ್ಟೆ ಇಡುತ್ತದೆ. ಮರಿಹುಳು ತಿರುಳನ್ನು ಕೊರೆದು ತಿನ್ನುತ್ತದೆ. ಎಷ್ಟೋ ಕಾಯಿ ಉದುರಿಹೋಗುತ್ತವೆ. ಹುಳುಕು ಕಾಯಿಯಿಂದ ತೆಗೆದ ಎಣ್ಣೆಯಲ್ಲಿ ಆಮ್ಲದ ಅಂಶ ಏರಿ ರುಚಿ ಕೆಡುತ್ತದೆ. 2014ರಲ್ಲಿ ಇಟಲಿಯ ಆಲಿವ್ ಎಣ್ಣೆ ಉತ್ಪಾದನೆ ನೆಲಕಚ್ಚಿದ್ದಕ್ಕೆ ಈ ನೊಣದ ಹಾವಳಿಯೂ ಒಂದು ಮುಖ್ಯ ಕಾರಣ.

ಹಾಗೆಂದು ಎಲ್ಲ ತಳಿಗೂ ಒಂದೇ ಪೆಟ್ಟು ಬೀಳುವುದಿಲ್ಲ. ಸ್ಪೇನಿನ ಗೋರ್ಡಾಲ್ ಎಂಬ ದಪ್ಪ ಕಾಯಿಯ ತಳಿಗೆ ನೊಣ ಮುತ್ತುತ್ತದೆ. ಗ್ರೀಸಿನ ಕೊರೊನೆಯ್ಕಿಯ ಪುಟ್ಟ ಕಾಯಿಗಳಿಗೆ ಅದರ ಕಾಟ ಕಡಿಮೆ. ದಪ್ಪ ಕಾಯಿ ಕಣ್ಣಿಗೆ ಬೇಗ ಬೀಳುತ್ತದೆ, ಹುಳುವಿಗೆ ಬೇಕಾದಷ್ಟು ತಿರುಳೂ ಅದರಲ್ಲಿರುತ್ತದೆ. ಸಿಪ್ಪೆಯ ಗಡಸುತನ, ಮೇಲಿನ ಮೇಣದ ಪದರ, ಬಣ್ಣ ತಿರುಗುವ ಹೊತ್ತು, ಇವೂ ಲೆಕ್ಕಕ್ಕೆ ಬರುತ್ತವೆ.

ನನಗೆ ಅತ್ಯಂತ ಸೋಜಿಗವೆನಿಸುವುದು ಕಾಯಿಯೊಳಗಿನ ರಸಾಯನ. ಹಸಿ ಆಲಿವ್ ಬಾಯಿಗಿಡಲಾರದಷ್ಟು ಕಹಿ. ಆ ಕಹಿಗೆ ಕಾರಣ ಓಲ್ಯೂರೋಪಿನ್ ಎಂಬ ವಸ್ತು. ಅದನ್ನು ಒಡೆಯುವ ಕಿಣ್ವವೂ ಅದೇ ಕಾಯಿಯಲ್ಲಿದೆ, ಆದರೆ ಜೀವಕೋಶದಲ್ಲಿ ಎರಡೂ ಬೇರೆ ಬೇರೆ ಕಡೆ ಇರುತ್ತವೆ. ನೊಣ ಚುಚ್ಚಿದಾಗ ಕೋಶ ಒಡೆದು ಎರಡೂ ಬೆರೆಯುತ್ತವೆ. ಆಗ ಹುಟ್ಟುವ ವಸ್ತು ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಹುಳುವಿಗೆ ದಕ್ಕದಂತೆ ಮಾಡುತ್ತದೆ. ಗಾಯವಾದ ಜಾಗದಲ್ಲಿ ಈ ಕಿಣ್ವ ಚುರುಕಾಗಿ ಕೆಲಸ ಮಾಡುವ ತಳಿಗಳಲ್ಲಿ ಹುಳುವಿನ ಬಾಧೆ ಕಡಿಮೆ.

ಇಷ್ಟಾದರೂ ನೊಣ ಸೋಲುವುದಿಲ್ಲ. ಅದರ ಕರುಳಿನಲ್ಲಿ ಎರ್ವಿನಿಯಾ ಡ್ಯಾಸಿಕೋಲಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ, ತಾಯಿಯಿಂದ ಮರಿಗೆ ದಾಟುತ್ತದೆ. ಅದರ ನೆರವಿಲ್ಲದ ಮರಿಹುಳು ಹಸಿರು ಕಾಯಿಯಲ್ಲಿ ಬದುಕಿ ಬೆಳೆಯಲಾರದು. ಬಹುಶಃ ಮುಂದಿನ ಸಂಶೋಧನೆಗೆ ಒಳ್ಳೆಯ ದಾರಿ ಇಲ್ಲೇ ಇದೆ.

ಆದ್ದರಿಂದ ‘ನೊಣ ನಿರೋಧಕ ತಳಿ’ ಎಂಬ ಮಾತನ್ನು ಅಕ್ಷರಶಃ ನಂಬಬಾರದು. ನೊಣ ಹೆಚ್ಚಿರುವ ವರ್ಷದಲ್ಲಿ, ಇಷ್ಟದ ಕಾಯಿ ಸಿಗದಿದ್ದರೆ, ಅದು ಸಣ್ಣ ಕಾಯಿಗೂ ಮೊಟ್ಟೆ ಇಡುತ್ತದೆ. ತಳಿಯ ಆಯ್ಕೆ ಅರ್ಧ ಕೆಲಸ ಮಾತ್ರ. ಬೇಗ ಕೊಯ್ಯಬೇಕು, ಮರದಲ್ಲಿ ಕಾಯಿ ಉಳಿಸಬಾರದು, ಉದುರಿದ್ದನ್ನು ಆರಿಸಿ ತೆಗೆಯಬೇಕು. ಬಿಟ್ಟ ಕಾಯಿಗಳಲ್ಲೇ ಮುಂದಿನ ಪೀಳಿಗೆಯ ನೊಣ ಬೆಳೆಯುತ್ತದೆ.