ಹಾಲೊಡಕಿನಿಂದ ಪ್ರೋಟೀನ್: ಸೂಕ್ಷ್ಮಜೀವಿಗಳ ಕಾಯಕ

ದಾಸೋಹದ ಪಂಕ್ತಿಯಲ್ಲಿ ಅನ್ನದ ಅಗುಳನ್ನೂ ಚೆಲ್ಲಬಾರದೆಂಬ ಸಂಸ್ಕಾರ ನಮ್ಮದು. ಆದರೆ ಹಾಲನ್ನು ಒಡೆದು ಪನೀರ್ ಮಾಡುವಾಗ ಉಳಿಯುವ ತಿಳಿನೀರನ್ನು ಮಾತ್ರ ಯೋಚಿಸದೆ ಚೆಲ್ಲುತ್ತೇವೆ. ಇದೇ ಹಾಲೊಡಕು. ಬಳಸಿದ ಹಾಲಿನ ಶೇಕಡಾ 80ಕ್ಕೂ ಹೆಚ್ಚು ಭಾಗ ಹೀಗೆ ಉಳಿಯುತ್ತದೆ. ಅದರಲ್ಲಿ ಶೇಕಡಾ 93ರಷ್ಟು ನೀರು, ಸುಮಾರು 5ರಷ್ಟು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ, 1ಕ್ಕಿಂತ ಕಡಿಮೆ ಪ್ರೋಟೀನ್ ಹಾಗೂ ಲವಣಗಳಿರುತ್ತವೆ.

ಮೊಸರಿನ ಮೇಲೆ ನಿಲ್ಲುವ ತಿಳಿಯನ್ನು ಆಯುರ್ವೇದವು ‘ಮಸ್ತು’ ಎಂದು ಕರೆದು, ಲಘುವೆಂದೂ ಸ್ರೋತೋಶೋಧಕವೆಂದೂ ಹೇಳಿದೆ. ಆದರೆ ಡೇರಿಗಳ ಹಾಲೊಡಕು ಅಪಾರ ಪ್ರಮಾಣದ್ದು. ಅದನ್ನು ಸಂಸ್ಕರಿಸದೆ ಹಳ್ಳಕ್ಕೆ ಹರಿಸಿದರೆ, ಸಕ್ಕರೆಯನ್ನು ಕೊಳೆಯಿಸುವ ಜೀವಾಣುಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳು ಸಾಯುತ್ತವೆ. ತುಂಗೆ, ಭದ್ರೆಯರ ನೀರನ್ನು ನಂಬಿ ಬದುಕುವ ಶಿವಮೊಗ್ಗ, ಭದ್ರಾವತಿಯ ಜನರಿಗೆ ಇದು ಅಲಕ್ಷ್ಯ ಮಾಡುವ ಸಂಗತಿಯಲ್ಲ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ದಾರಿ ಹೀಗಿದೆ. ಯಾವುದೇ ಪ್ರೋಟೀನನ್ನು ತಯಾರಿಸುವ ಸೂಚನೆ ಅದರ ಜೀನ್‌ನಲ್ಲಿರುತ್ತದೆ. ಆ ಜೀನಿನ ಪ್ರತಿಯನ್ನು ಯೀಸ್ಟ್‌ನಂತಹ ಸೂಕ್ಷ್ಮಜೀವಿಗೆ ಸೇರಿಸಿ, ಹಾಲೊಡಕಿನ ಸಕ್ಕರೆಯನ್ನು ಉಣಿಸಿದರೆ, ಅದು ಬೆಳೆಯುತ್ತಲೇ ನಮಗೆ ಬೇಕಾದ ಪ್ರೋಟೀನನ್ನು ಸಿದ್ಧಪಡಿಸುತ್ತದೆ. ಬಳಿಕ ಅದನ್ನು ಸೋಸಿ ಶುದ್ಧೀಕರಿಸುತ್ತಾರೆ. ಎಲ್ಲ ಯೀಸ್ಟ್‌ಗಳಿಗೂ ಲ್ಯಾಕ್ಟೋಸ್ ಅರಗದು. ಕ್ಲೂವೆರೊಮೈಸಿಸ್ ಲ್ಯಾಕ್ಟಿಸ್ ಎಂಬ ಯೀಸ್ಟ್‌ಗೆ ಸ್ವಭಾವತಃ ಅರಗುತ್ತದೆ.

ಸೂಕ್ಷ್ಮಜೀವಿಯಿಂದ ಪ್ರೋಟೀನ್ ಪಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸತೇನಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ಕೂಡ ಪ್ರೋಟೀನೇ. ಹಿಂದೆ ಅದನ್ನು ವಧಿಸಿದ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದರು.

‘ಇದು ಸಸ್ಯಾಹಾರಿಗಳಿಗೆ ಸಲ್ಲುವುದೇ?’ ಎಂಬ ಪ್ರಶ್ನೆ ಭಕ್ತರಲ್ಲಿ ಏಳುವುದು ಸಹಜ. ಚೀಸ್ ತಯಾರಿಕೆಗೆ ಹಾಲನ್ನು ಗಟ್ಟಿಗೊಳಿಸುವ ಕೈಮೋಸಿನ್ ಎಂಬ ಕಿಣ್ವವನ್ನು ಮೊದಲು ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಈಗ ಅದೇ ಕಿಣ್ವವನ್ನು ಮೇಲೆ ಹೇಳಿದ ಯೀಸ್ಟ್‌ನಿಂದಲೂ ಪಡೆಯುತ್ತಾರೆ; ಕರುವಿನ ಪ್ರಾಣ ಉಳಿಯುತ್ತದೆ. ದಯೆಯ ದೃಷ್ಟಿಯಿಂದ ಇದು ಸ್ವಾಗತಾರ್ಹವೆಂದೇ ನಾವು ಭಾವಿಸುತ್ತೇವೆ.

ಆದರೂ ಎಚ್ಚರ ಅಗತ್ಯ. ಸೂಕ್ಷ್ಮಜೀವಿ ತಯಾರಿಸಿದ ಹಾಲಿನ ಪ್ರೋಟೀನ್ ನಿಜವಾದ ಹಾಲಿನ ಪ್ರೋಟೀನೇ ಆದ್ದರಿಂದ, ಹಾಲಿನ ಅಲರ್ಜಿ ಇರುವವರು ಅದನ್ನು ಸೇವಿಸಕೂಡದು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಯಾವ ಪ್ರೋಟೀನ್ ಪುಡಿಯನ್ನೂ ಬಳಸಬಾರದು. ಇಂತಹ ಹೊಸ ಆಹಾರಗಳಿಗೆ ಸರ್ಕಾರದ ಅನುಮೋದನೆ ಇದೆಯೇ ಎಂಬುದನ್ನೂ ನೋಡಬೇಕು.

ಮನೆಯಲ್ಲಿ ಪನೀರ್ ಮಾಡಿದ ದಿನ ತಿಳಿನೀರನ್ನು ಚೆಲ್ಲದೆ, ಅಂದೇ ಚಪಾತಿ ಹಿಟ್ಟು ಕಲಸಲು ಅಥವಾ ಸಾರಿಗೆ ಬಳಸೋಣ. ದಾಸೋಹದ ಸಂಸ್ಕಾರ ಅಡುಗೆಮನೆಯಲ್ಲೂ ಬೆಳೆಯಲಿ.